ಮುಕ್ತಿನಾಥ ಯಾತ್ರೆ: ಫಾರೆಕ್ಸ್ ಕಾರ್ಡ್ ನೇಪಾಳಕ್ಕೆ ನಡೆಯದು ಎನ್ನುತ್ತಾರೆ, ಹಾಗಾದರೆ ಖರ್ಚಿನ ಹಣ ಒಯ್ಯುವುದು ಹೇಗೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಎಪ್ಪತ್ತೊಂದು ವರ್ಷದ ತಂದೆ, ಅರವತ್ತಾರು ವರ್ಷದ ತಾಯಿ, ಅವರಿಬ್ಬರಿಗೂ ಹಿರಿಯರಾದ ದೊಡ್ಡಮ್ಮ, ನನ್ನ ಹೆಂಡತಿ ಮತ್ತು ನಾನು, ಹೀಗೆ ಐದು ಮಂದಿ ಶಿವಮೊಗ್ಗದಿಂದ ಹೊರಟು ಕಾಠ್ಮಂಡು, ಪೋಖರಾ, ಜೋಮ್‌ಸೋಮ್ ಮಾರ್ಗವಾಗಿ ಮುಕ್ತಿನಾಥಕ್ಕೆ ಹೋಗಿಬರಬೇಕೆಂದಿದ್ದೇವೆ. ವಿಮಾನದ ಟಿಕೆಟ್ಟನ್ನೂ ಹೋಟೆಲುಗಳನ್ನೂ ಇಲ್ಲಿಂದಲೇ ಕಾದಿರಿಸಬಹುದು. ಕಗ್ಗಂಟಾಗಿರುವುದು ಅಲ್ಲಿನ ಒಂಬತ್ತು ದಿನಗಳ ಕೈಖರ್ಚು.

ಹಿಂದೆ ಸಿಂಗಪುರಕ್ಕೆ ಹೋದಾಗ ಮಾಡಿಸಿದ್ದ, ವಿದೇಶಿ ಹಣ ತುಂಬಿಸಿಕೊಂಡು ಹೋಗುವ ಫಾರೆಕ್ಸ್ ಕಾರ್ಡು ಇನ್ನೂ ಚಾಲ್ತಿಯಲ್ಲಿದೆ. ಅದಕ್ಕೇ ಹಣ ತುಂಬಿಸಿಕೊಳ್ಳೋಣವೆಂದು ಕೌಂಟರಿಗೆ ಹೋದರೆ, ನೇಪಾಳವೆಂಬ ಹೆಸರು ಕಿವಿಗೆ ಬಿದ್ದ ಕೂಡಲೇ ಅಲ್ಲಿದ್ದವರು ಅರ್ಜಿಯನ್ನು ಮಡಿಸಿ ನನ್ನ ಕೈಗೇ ಕೊಟ್ಟರು. ಡೆಬಿಟ್ ಕಾರ್ಡಿನ ವಿಷಯವನ್ನು ಬ್ಯಾಂಕಿನ ಸಹಾಯವಾಣಿಯಲ್ಲಿ ಕೇಳಿದರೆ ‘ನಡೆಯಬಹುದು’ ಎಂದರೇ ಹೊರತು, ಎಷ್ಟು ಒತ್ತಾಯಿಸಿದರೂ ‘ನಡೆಯುತ್ತದೆ’ ಎನ್ನಲಿಲ್ಲ. ತಂದೆಯವರ ಹಳೆಯ ಕಾರ್ಡಿನ ಮೇಲೆ ‘ಭಾರತ, ನೇಪಾಳ ಮತ್ತು ಭೂತಾನ್‌ನಲ್ಲಿ ಮಾತ್ರ ಮಾನ್ಯ’ ಎಂದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದೆ; ನನ್ನ ಕಾರ್ಡಿನ ಮೇಲೆ ಅಂಥದ್ದೇನೂ ಇಲ್ಲ. ಏಪ್ರಿಲ್‌ನಲ್ಲಿ ಹೋಗುವುದೋ ದಸರಾ ರಜೆಯಲ್ಲಿ ಹೋಗುವುದೋ ಎಂಬುದೂ ತೀರ್ಮಾನವಾಗಿಲ್ಲ. ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಹಳೇ ಕ್ಯಾಷಿಯರ್:
ಕೌಂಟರಿನಲ್ಲಿದ್ದವರನ್ನು ತಪ್ಪು ತಿಳಿಯಬೇಡಿ, ಅವರು ಮಾಡಿದ್ದು ಸರಿಯಾಗಿಯೇ ಇದೆ. ಫೆಮಾ ಎಂಬ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಡಿ 2000ದಲ್ಲಿ ಹೊರಡಿಸಿದ ಚಾಲ್ತಿ ಖಾತೆ ವ್ಯವಹಾರಗಳ ನಿಯಮಗಳ ಪ್ರಕಾರ, ನೇಪಾಳ ಮತ್ತು ಭೂತಾನ್ ಪ್ರಯಾಣಕ್ಕಾಗಿ ಭಾರತದ ನಿವಾಸಿಯೊಬ್ಬರು ವಿದೇಶಿ ವಿನಿಮಯವನ್ನು ಪಡೆಯುವಂತೆಯೇ ಇಲ್ಲ. ನಿಮ್ಮ ಫಾರೆಕ್ಸ್ ಕಾರ್ಡಿನಲ್ಲಿ ಇರುವುದು ಡಾಲರೋ ಯೂರೋವೋ ಆದ್ದರಿಂದ ಅದು ಆ ನಿಷೇಧದೊಳಗೆ ಬರುತ್ತದೆ. ಅಂತರರಾಷ್ಟ್ರೀಯ ಕ್ರೆಡಿಟ್ ಕಾರ್ಡಿನಿಂದ ಆ ಎರಡು ದೇಶಗಳಲ್ಲಿ ವಿದೇಶಿ ವಿನಿಮಯದ ಪಾವತಿ ಮಾಡುವುದಕ್ಕೂ ಇದೇ ಕಾರಣದಿಂದ ಅವಕಾಶವಿಲ್ಲ. ಆ ಎರಡು ದೇಶಗಳೊಡನೆ ನಮ್ಮ ವ್ಯವಹಾರ ನಡೆಯಬೇಕಾದದ್ದು ಭಾರತದ ರೂಪಾಯಿಯಲ್ಲಿ ಎಂಬುದು ಇದರ ಹಿಂದಿರುವ ಎಣಿಕೆ.

ತಮಾಷೆಯೆಂದರೆ, ಡಾಲರ್ ಕೇಳಿದರೆ ನೇಪಾಳವನ್ನು ಪರದೇಶವಲ್ಲ ಎನ್ನುವ ಈ ವ್ಯವಸ್ಥೆಯೇ, ಡೆಬಿಟ್ ಕಾರ್ಡು ಉಜ್ಜಿದ ಕ್ಷಣದಲ್ಲಿ ಅದನ್ನು ಪರದೇಶವೆಂದು ಎಣಿಸುತ್ತದೆ. ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲಿನಲ್ಲಿ ನರಸಿಂಹ ಕುಳಿತ ಹಾಗೆ ನೇಪಾಳದ ಲೆಕ್ಕ ಕುಳಿತಿದೆ. ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯ ನಂತರ ಹೊಸದಾಗಿ ಕೊಡುವ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಗಳಲ್ಲಿ ಮಾತ್ರ ನಡೆಯುತ್ತವೆ. ಹೊರಗಿನ ಬಳಕೆಯನ್ನು ನಾವೇ ಆ್ಯಪಿನಲ್ಲೋ ಶಾಖೆಯಲ್ಲೋ ತೆರೆಸಿಕೊಳ್ಳಬೇಕು. ಆ ಗುಂಡಿಯನ್ನು ಒತ್ತದೆ ಹೋದವರೇ ‘ನನ್ನ ಕಾರ್ಡು ಕೈಕೊಟ್ಟಿತು’ ಎಂದು ಬಂದು ದೂರುತ್ತಾರೆ. ಗುಂಡಿ ಒತ್ತಿದ ಮೇಲೂ ಕೆಲವು ಬ್ಯಾಂಕುಗಳು ನೇಪಾಳವನ್ನು ಪ್ರತ್ಯೇಕವಾಗಿ ಮುಚ್ಚಿಟ್ಟಿರುತ್ತವೆ. ಆದ್ದರಿಂದ ತಂದೆಯವರ ಆ ಹಳೆಯ ಕಾರ್ಡನ್ನು ಬಿಸಾಡಬೇಡಿ. ನಿಮ್ಮ ಮನೆಯಲ್ಲಿರುವ ಕಾರ್ಡುಗಳಲ್ಲಿ ನೇಪಾಳದ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರುವುದು ಅದೊಂದೇ.

ಜಯನಗರದ ಯಾತ್ರಿ:
ಕಾರ್ಡು ನಡೆದರೂ ಎಷ್ಟಕ್ಕೆ ನಡೆಯುತ್ತದೆ ಎಂಬುದನ್ನು ನೋಡಬೇಕು. ನೂರು ಭಾರತೀಯ ರೂಪಾಯಿಗೆ ನೂರ ಅರವತ್ತು ನೇಪಾಳಿ ರೂಪಾಯಿ ಎಂಬುದು 1993ರಿಂದ ಬದಲಾಗದ ದರವಾದ್ದರಿಂದ, ನಮ್ಮ ಕೈಯಿಂದ ಎಷ್ಟು ಸೋರಿತು ಎಂಬುದನ್ನು ಪೈಸೆಯವರೆಗೂ ಲೆಕ್ಕ ಹಾಕಬಹುದು. ಕಾಠ್ಮಂಡುವಿನ ಎಟಿಎಂ ಒಂದರಲ್ಲಿ ನಾನು 10,000 ನೇಪಾಳಿ ರೂಪಾಯಿ ತೆಗೆದೆ. ನ್ಯಾಯವಾಗಿ ಖಾತೆಯಿಂದ ಹೋಗಬೇಕಾದದ್ದು ₹6,250. ಆದರೆ ಆ ಯಂತ್ರ ತನ್ನ ಶುಲ್ಕವೆಂದು 500 ನೇಪಾಳಿ ರೂಪಾಯಿ ಸೇರಿಸಿಕೊಂಡಿತು. ಒಟ್ಟು ಮೊತ್ತದ ಮೇಲೆ ನಮ್ಮ ಬ್ಯಾಂಕು ಶೇಕಡ 3.5ರಷ್ಟು ವಿನಿಮಯ ಶುಲ್ಕವನ್ನೂ, ಆ ಶುಲ್ಕದ ಮೇಲೆ ಶೇಕಡ 18ರ ಜಿಎಸ್‌ಟಿಯನ್ನೂ ಹಾಕಿತು. ಹೊರದೇಶದ ಎಟಿಎಂ ಬಳಸಿದ್ದಕ್ಕೆಂದು ಮತ್ತೆ ₹150 ಮತ್ತು ಅದರ ತೆರಿಗೆ. ಪಾಸ್‌ಪುಸ್ತಕದಲ್ಲಿ ಕಂಡ ಒಟ್ಟು ಕಡಿತ ₹7,010. ಆರು ಸಾವಿರ ಚಿಲ್ಲರೆಯ ಹಣಕ್ಕೆ ಏಳುನೂರ ಅರವತ್ತು ರೂಪಾಯಿ ಕೂಲಿ ಕೊಟ್ಟಂತಾಯಿತು. ಮೂರು ಸಲ ತೆಗೆದಿದ್ದರೆ ಒಂದು ರಾತ್ರಿಯ ಹೋಟೆಲಿನ ಬಾಡಿಗೆ ಅಲ್ಲಿಗೇ ಹೋಗುತ್ತಿತ್ತು.

ಈ ಕಾರಣಕ್ಕೆ ಕಾರ್ಡನ್ನು ನಾನು ಆಪದ್ಧನವೆಂದು ಮಾತ್ರ ಎಣಿಸುತ್ತೇನೆ. ತೆಗೆಯಲೇಬೇಕಾದರೆ ಯಂತ್ರ ಒಮ್ಮೆಗೆ ಕೊಡುವಷ್ಟನ್ನೂ ತೆಗೆಯಿರಿ. ಸಾವಿರ ತೆಗೆದರೂ ಹತ್ತು ಸಾವಿರ ತೆಗೆದರೂ ಯಂತ್ರದ ಶುಲ್ಕ ಒಂದೇ.

ತುಂಗಾತೀರ:
ಇಬ್ಬರಿಗೂ ಧನ್ಯವಾದಗಳು. ತಂದೆಯವರ ಕಾರ್ಡನ್ನು ಇವತ್ತೇ ಬೀರುವಿನಿಂದ ತೆಗೆಸಿ ಪಿನ್ ಸರಿಯಿದೆಯೇ ಎಂದು ಇಲ್ಲಿನ ಎಟಿಎಂನಲ್ಲಿ ನೋಡಿಕೊಂಡೆ. ಈಗ ನೇಪಾಳದಲ್ಲೂ ನಮ್ಮ ಯುಪಿಐ ಬಂದಿದೆ ಎನ್ನುತ್ತಾರಲ್ಲ, ಅದೊಂದನ್ನೇ ನಂಬಿಕೊಂಡು ಹೋಗಬಹುದೇ?

ಹಿಮಾಲಯದ ಹಾದಿ:
ಬಂದಿದೆ, ಆದರೆ ಅದೊಂದನ್ನೇ ನಂಬಬೇಡಿ. 2024ರ ಮಾರ್ಚ್‌ನಲ್ಲಿ ಯುಪಿಐ ನಡೆಸುವ ನಮ್ಮ ಎನ್‌ಪಿಸಿಐ ಸಂಸ್ಥೆಯ ಅಂತರರಾಷ್ಟ್ರೀಯ ಅಂಗವೂ ನೇಪಾಳದ ಫೋನ್‌ಪೇ ಎಂಬ ಸಂಸ್ಥೆಯೂ ಕೂಡಿ ಈ ಸೌಲಭ್ಯವನ್ನು ಆರಂಭಿಸಿದವು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಹೆಸರಾಗಿ ಕಾಣುವುದರಿಂದ ಹೇಳುತ್ತಿದ್ದೇನೆ: ಅಂಗಡಿಗಳ ಮೇಜಿನ ಮೇಲೆ ಕಾಣುವ ಕೆಂಪು ಬಣ್ಣದ ಫೋನ್‌ಪೇ ಅಲ್ಲಿನವರದು, ನಮ್ಮ ನೇರಳೆ ಬಣ್ಣದ ಫೋನ್‌ಪೇ ಅಲ್ಲ. ಆ ಕೆಂಪು ಕ್ಯೂಆರ್ ಅನ್ನು ನಮ್ಮ ಆ್ಯಪಿನಿಂದ ಸ್ಕ್ಯಾನ್ ಮಾಡಿ ಹಣ ಕೊಡಬಹುದು. ನಮ್ಮ ರೂಪಾಯಿಯಲ್ಲಿ ಎಷ್ಟಾಗುತ್ತದೆ ಎಂಬುದನ್ನು ಪಿನ್ ಒತ್ತುವ ಮೊದಲೇ ಪರದೆ ತೋರಿಸುತ್ತದೆ.

ಎಡವುವುದು ಬೇರೆ ಕಡೆ. ಅಂತರರಾಷ್ಟ್ರೀಯ ಯುಪಿಐಯನ್ನು ಆ್ಯಪಿನೊಳಗೆ ಮೊದಲು ಚಾಲೂ ಮಾಡಬೇಕಾಗುತ್ತದೆ, ಅದನ್ನು ಊರಿನಲ್ಲಿ ಇರುವಾಗಲೇ ಹುಡುಕಿಟ್ಟುಕೊಳ್ಳಿ. ಈ ಪಾವತಿ ಅಂಗಡಿಯ ಖಾತೆಗೆ ಹೋಗುವಂಥದ್ದು; ಕುದುರೆಯವನೋ ಜೀಪಿನ ಚಾಲಕನೋ ತನ್ನ ಮೊಬೈಲಿನಲ್ಲಿ ತೋರಿಸುವ ಇಸೇವಾ, ಖಲ್ತಿ ಮುಂತಾದ ಸ್ವಂತ ವಾಲೆಟ್ಟಿನ ಕ್ಯೂಆರ್‌ಗೆ ಹೋಗುತ್ತದೆಂದು ಎಣಿಸಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿನ ಸಿಮ್ ಕೊಂಡಾಗ ಭಾರತದ ಸಿಮ್ಮನ್ನು ಹೊರತೆಗೆದು ಹೊಸದನ್ನು ಅದೇ ಜಾಗದಲ್ಲಿ ಹಾಕಬೇಡಿ. ನನ್ನ ಜೊತೆ ಬೈಕಿನಲ್ಲಿ ಬಂದಿದ್ದ ಗೆಳೆಯ ನೇಪಾಳದ ಗಡಿಯ ಊರಾದ ಭೈರಹವಾದಲ್ಲಿ ಇದೇ ಕೆಲಸ ಮಾಡಿದ. ಸಿಮ್ ಬದಲಾಗಿದೆ ಎಂದು ಆ್ಯಪ್ ಮತ್ತೆ ನೋಂದಣಿ ಕೇಳಿತು, ನೋಂದಣಿಗೆ ಭಾರತದ ಸಂಖ್ಯೆಯಿಂದ ಎಸ್‌ಎಂಎಸ್ ಹೋಗಬೇಕಿತ್ತು, ಆ ಸಿಮ್ಮಿಗೆ ರೋಮಿಂಗ್ ಹಾಕಿಸಿರಲಿಲ್ಲ. ಮುಂದಿನ ಆರು ದಿನ ಅವನ ಊಟ, ಪೆಟ್ರೋಲು, ಕೊಠಡಿ ಎಲ್ಲವೂ ನನ್ನ ತಲೆಯ ಮೇಲೆ. ಭಾರತದ ಸಿಮ್ ಒಂದನೆಯ ಮನೆಯಲ್ಲೇ ಇರಲಿ, ರೋಮಿಂಗ್ ಚಾಲೂ ಇರಲಿ; ಕಾರ್ಡಿನ ಒಟಿಪಿ ಬರುವುದೂ ಅದಕ್ಕೇ.

ಹೊರನಾಡ ಹುಡುಗ:
ಒಂದು ಸಣ್ಣ ಸೇರ್ಪಡೆ. ನಾನು ಡಲ್ಲಾಸ್‌ನಲ್ಲಿದ್ದೇನೆ. ಅತ್ತೆ ಮಾವನವರೊಡನೆ ಹೋಗಿದ್ದಾಗ ಪೋಖರಾದ ಒಂದೇ ಎಟಿಎಂನಲ್ಲಿ ಅವರ ಕಾರ್ಡು ನಿರಾಕರಣೆಯಾಗಿ ನನ್ನ ಅಮೆರಿಕದ ಕಾರ್ಡು ನಡೆಯಿತು. ಯಂತ್ರ ಕೆಟ್ಟಿದೆ ಎಂದುಕೊಂಡು ಕಾವಲುಗಾರನೊಡನೆ ವಾದ ಮಾಡುತ್ತಿದ್ದ ಮಾವನವರಿಗೆ ಈ 2000ದ ನಿಯಮವನ್ನು ತೋರಿಸಬೇಕಿತ್ತು. ನಿಮ್ಮ ಗುಂಪಿನಲ್ಲಿ ಹೊರದೇಶದ ಖಾತೆಯಿರುವ ನೆಂಟರು ಯಾರಾದರೂ ಇದ್ದರೆ ಈ ತೊಡಕು ಅವರಿಗಿಲ್ಲ.

ಮೈಸೂರು ಮನೆ:
ಸಹೋದರ ತುಂಗಾತೀರ ಅವರೇ, ಹಿರಿಯರನ್ನು ಕರೆದೊಯ್ಯುತ್ತಿದ್ದೀರಿ ಎಂದು ಇದನ್ನು ಬರೆಯುತ್ತಿದ್ದೇನೆ. ಕಾರ್ಡು, ಕ್ಯೂಆರ್ ಎಲ್ಲ ಸರಿಯಿದ್ದರೂ ಕೈಯಲ್ಲಿ ನಗದು ಇರಲೇಬೇಕು. 2025ರ ಸೆಪ್ಟೆಂಬರ್‌ನಲ್ಲಿ ಕಾಠ್ಮಂಡುವಿನಲ್ಲಿ ಗಲಭೆಯಾಗಿ ಸರ್ಕಾರವೇ ಬಿದ್ದಾಗ ನಾನು ಅತ್ತೆಯವರೊಡನೆ ಅಲ್ಲೇ ಇದ್ದೆ. 9ನೇ ತಾರೀಖು ವಿಮಾನ ನಿಲ್ದಾಣ ಮುಚ್ಚಿದ್ದು ಮರುದಿನ ಸಂಜೆಗೆ ತೆರೆಯಿತು. ಕರ್ಫ್ಯೂ ಇದ್ದುದರಿಂದ ಎಟಿಎಂವರೆಗೆ ನಡೆದುಹೋಗುವ ಮಾತೇ ಇರಲಿಲ್ಲ. ಹೋಟೆಲಿನ ಹಿಂಬದಿಯ ಸಣ್ಣ ದಿನಸಿ ಅಂಗಡಿಯಾಕೆ ಅರ್ಧ ಷಟರ್ ಎತ್ತಿ ಅವಲಕ್ಕಿ, ಬಾಳೆಹಣ್ಣು, ಹಾಲಿನ ಪೊಟ್ಟಣ ಕೊಡುತ್ತಿದ್ದಳು, ನಗದಿಗೆ ಮಾತ್ರ. ಅತ್ತೆಯವರು ಸಂಚಿಯಲ್ಲಿ ಇಟ್ಟುಕೊಂಡಿದ್ದ ನೂರರ ನೋಟುಗಳು ಆ ಎರಡು ದಿನ ನಮ್ಮನ್ನು ಕಾಪಾಡಿದವು. ಅದುವರೆಗೆ ಆ ಸಂಚಿಯನ್ನು ಕಂಡು ನಾನೇ ನಗುತ್ತಿದ್ದೆ.

ಇನ್ನೊಂದು ಮಾತು. ಬೆಲೆ ಕೇಳಿದ ಕೂಡಲೇ ‘ಐಸಿಯೋ ಎನ್‌ಸಿಯೋ’ ಎಂದು ಕೇಳಿ. ಐಸಿ ಎಂದರೆ ಭಾರತದ ಹಣ, ಎನ್‌ಸಿ ಎಂದರೆ ನೇಪಾಳದ ಹಣ. ಅಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತುಗಳಿವು. ಬೌದ್ಧನಾಥದ ಹತ್ತಿರ ಒಂದು ಶಾಲಿಗೆ ‘ಎಂಟುನೂರು’ ಎಂದಾಗ ನಾನು ಎಂಟು ನೂರರ ನಮ್ಮ ನೋಟು ಎಣಿಸಿಕೊಟ್ಟು ಬಂದೆ. ಅವರು ಹೇಳಿದ್ದು ಎನ್‌ಸಿ, ಅಂದರೆ ನಮ್ಮ ಐದುನೂರು. ಹಿರಿಯರಿಗೆ ನೇಪಾಳಿ ನೋಟುಗಳ ಅಂಕಿ ಓದುವುದು ಕಷ್ಟವಾದರೆ ಪ್ರಾಣಿಗಳನ್ನು ಹೇಳಿಕೊಡಿ: ಸಾವಿರಕ್ಕೆ ಆನೆ, ಐನೂರಕ್ಕೆ ಹುಲಿ, ನೂರಕ್ಕೆ ಘೇಂಡಾಮೃಗ, ಇಪ್ಪತ್ತಕ್ಕೆ ಕವಲುಕೊಂಬಿನ ಜಿಂಕೆ, ಐದಕ್ಕೆ ಚಮರೀಮೃಗ. ನಮ್ಮ ಅತ್ತೆಯವರು ಎರಡನೆಯ ದಿನದಿಂದಲೇ ‘ಒಂದು ಹುಲಿ ಕೊಡು, ಎರಡು ಘೇಂಡಾ ವಾಪಸು ಬರಬೇಕು’ ಎಂದು ಲೆಕ್ಕ ಹೇಳತೊಡಗಿದರು.

ಅಘನಾಶಿನಿ:
ನಗದು ಬೇಕೆಂಬುದು ಸರಿ, ಆದರೆ ನೂರರ ನೋಟುಗಳನ್ನೇ ಹೊತ್ತುಕೊಂಡು ಹೋಗುವುದು ಯಾಕೆ? ಈಗ ಐನೂರರ ನೋಟಿಗೂ ಅವಕಾಶವಾಗಿದೆಯಲ್ಲವೇ? ಐವತ್ತು ಸಾವಿರಕ್ಕೆ ಐನೂರು ಹಾಳೆಗಳಾಗುತ್ತವೆ. ವಯಸ್ಸಾದವರ ಗುಂಪು ಇಷ್ಟು ದಪ್ಪದ ಕಟ್ಟು ಇಟ್ಟುಕೊಂಡು ಓಡಾಡಿದರೆ ಕಳ್ಳರಿಗೆ ನಾವೇ ಸನ್ನೆ ಮಾಡಿದಂತೆ.

ಹಳೇ ಕ್ಯಾಷಿಯರ್:
ಅಘನಾಶಿನಿಯವರ ಪ್ರಶ್ನೆ ನ್ಯಾಯವಾದದ್ದೇ. ಇದರ ಹಿಂದಿನ ಕಥೆ ತಿಳಿದರೆ ಅಲ್ಲಿನ ಅಂಗಡಿಯವನು ದೊಡ್ಡ ನೋಟು ಕಂಡು ಕೈ ಹಿಂದೆಗೆಯುವುದೇಕೆಂದು ಗೊತ್ತಾಗುತ್ತದೆ. 2015ರಲ್ಲಿ ಐನೂರು ಮತ್ತು ಸಾವಿರದ ನೋಟುಗಳನ್ನು ₹25,000ದ ಮಿತಿಯೊಳಗೆ ನೇಪಾಳಕ್ಕೆ ಒಯ್ಯಲು ಒಪ್ಪಿಗೆ ಕೊಟ್ಟೆವು. ಜನ ನಂಬಿ ಪೆಟ್ಟಿಗೆಯಲ್ಲಿ ಕೂಡಿಟ್ಟರು. ಮರುವರ್ಷ ನವೆಂಬರ್ 8ರ ರಾತ್ರಿ ಅವೇ ನೋಟುಗಳನ್ನು ರದ್ದು ಮಾಡಿದೆವು. ಇಲ್ಲಿ ನಾವು ಬ್ಯಾಂಕಿನ ಮುಂದೆ ಸಾಲು ನಿಂತು ಬದಲಾಯಿಸಿಕೊಂಡೆವು, ಅವರ ಪೆಟ್ಟಿಗೆಯಲ್ಲಿದ್ದವು ಬದಲಿಯ ದಾರಿಯಿಲ್ಲದೆ ಕಾಗದವಾಗಿ ಉಳಿದವು. 2018ರ ಡಿಸೆಂಬರ್‌ನಲ್ಲಿ ನೇಪಾಳ ಸರ್ಕಾರ ಇನ್ನೂರು, ಐನೂರು ಮತ್ತು ಎರಡು ಸಾವಿರದ ಭಾರತೀಯ ನೋಟುಗಳನ್ನು ನಿಷೇಧಿಸಿತು. 2025ರ ಕೊನೆಯಲ್ಲಿ ನಮ್ಮ ರಿಸರ್ವ್ ಬ್ಯಾಂಕು ನಿಯಮ ಸಡಿಲಿಸಿ, ನೂರಕ್ಕಿಂತ ದೊಡ್ಡ ನೋಟುಗಳನ್ನು ಮತ್ತೆ ₹25,000ದವರೆಗೆ ಒಯ್ಯಬಹುದು ಎಂದಿದೆ; ನೂರು ಮತ್ತು ಅದಕ್ಕಿಂತ ಚಿಕ್ಕ ನೋಟುಗಳಿಗೆ ನಮ್ಮ ಕಡೆಯಿಂದ ಮಿತಿಯಿಲ್ಲ. ಆದರೆ ಒಯ್ಯಲು ಇಲ್ಲಿ ಸಿಕ್ಕ ಒಪ್ಪಿಗೆಯಿಂದ, ತೆಗೆದುಕೊಳ್ಳಲೇಬೇಕು ಎಂದು ಮುಕ್ತಿನಾಥವಿರುವ ಮುಸ್ತಾಂಗ್ ಜಿಲ್ಲೆಯ ಚಹಾದಂಗಡಿಯವನನ್ನು ಕಟ್ಟಿಹಾಕಲಾಗದು. ಒಮ್ಮೆ ಕೈ ಸುಟ್ಟುಕೊಂಡವನು ಅವನು.

ಬ್ಯಾಂಕಿನಿಂದ ನೂರರ ಕಟ್ಟು ಪಡೆಯುವಾಗ ಒಂದು ವಾರ ಮೊದಲೇ ಹೇಳಿಡಿ. ಒಂದು ಕಟ್ಟಿನಲ್ಲಿ ನೂರು ನೋಟು, ₹10,000. ತೀರಾ ಮಾಸಿದ, ಅಂಚು ಹರಿದ, ಬರೆದು ಗೀಚಿದ ನೋಟುಗಳನ್ನು ಅಲ್ಲೇ ಆರಿಸಿ ಹಿಂದಿರುಗಿಸಿ. ನಾವು ಕೌಂಟರಿನಲ್ಲಿ ಗೊಣಗುತ್ತೇವೆ, ಆದರೂ ಕೊಡುತ್ತೇವೆ. ಕಳ್ಳರ ಭಯಕ್ಕೆ ಮದ್ದು ಹಂಚಿಕೊಳ್ಳುವುದು. ಐದು ಮಂದಿಯ ಐದು ಕಡೆ ಇರಲಿ. ಕಾಠ್ಮಂಡು ತಲುಪಿದ ದಿನವೇ ಅರ್ಧಕ್ಕಿಂತ ಹೆಚ್ಚಿನ ಹಣವನ್ನು ಪರವಾನಗಿಯಿರುವ ಅಂಗಡಿಯಲ್ಲಿ ನೇಪಾಳಿ ರೂಪಾಯಿಗೆ ಬದಲಿಸಿದರೆ ಕಟ್ಟೂ ತೆಳ್ಳಗಾಗುತ್ತದೆ.

ಜಯನಗರದ ಯಾತ್ರಿ:
ಏಪ್ರಿಲೋ ದಸರೆಯೋ ಎಂದು ಕೇಳಿದ್ದಿರಿ. ಹಣದ ದೃಷ್ಟಿಯಿಂದ ನೋಡಿದರೆ ಏಪ್ರಿಲ್ಲೇ ಮೇಲು. ನಮಗೆ ದಸರಾ ರಜೆ ಬಂದಾಗ ಅವರಿಗೆ ದಶೈಂ ಹಬ್ಬ. ಅದು ಅವರ ವರ್ಷದ ದೊಡ್ಡ ಹಬ್ಬವಾದ್ದರಿಂದ ಬ್ಯಾಂಕುಗಳು ಸಾಲಾಗಿ ಹಲವು ದಿನ ಮುಚ್ಚಿರುತ್ತವೆ, ಊರಿಗೆ ಹೊರಟವರು ಎಟಿಎಂಗಳನ್ನು ಬರಿದು ಮಾಡಿರುತ್ತಾರೆ. ಏಪ್ರಿಲ್ ಮಧ್ಯದಲ್ಲಿ ಅವರ ಹೊಸ ವರ್ಷದ ರಜೆಯೂ ಇದೆ, ಅದೊಂದು ದಿನವನ್ನು ತಪ್ಪಿಸಿದರೆ ಸಾಕು.

ಹಿಮಾಲಯದ ಹಾದಿ:
ಅಕಸ್ಮಾತ್ ಎಲ್ಲವೂ ಕೈಕೊಟ್ಟರೆ ಊರಿನಿಂದ ಹಣ ತರಿಸುವ ದಾರಿ ಇದೆಯೇ ಎಂದು ಯಾರೂ ಕೇಳಿಲ್ಲ. ನಮ್ಮ ಕಚೇರಿಯ ಕ್ಯಾಂಟೀನಿನಲ್ಲಿ ಕೆಲಸ ಮಾಡುವ ನೇಪಾಳದ ಹುಡುಗರು ತಿಂಗಳು ತಿಂಗಳು ಮನೆಗೆ ಹಣ ಕಳಿಸುವ ಒಂದು ವ್ಯವಸ್ಥೆಯನ್ನು ನೋಡಿದ್ದೇನೆ. ಅದು ಪ್ರವಾಸಿಗರಿಗೂ ಒದಗುತ್ತದೆಯೇ?

ಹಳೇ ಕ್ಯಾಷಿಯರ್:
ಅದು ಭಾರತ-ನೇಪಾಳ ಹಣ ರವಾನೆ ಯೋಜನೆ. 2008ರಿಂದ ಇದೆ, ಎನ್‌ಇಎಫ್‌ಟಿ ಮೂಲಕ ಹೋಗುತ್ತದೆ, ಆ ಕಡೆ ನಿರ್ವಹಿಸುವುದು ನೇಪಾಳ್ ಎಸ್‌ಬಿಐ ಬ್ಯಾಂಕು. 2021ರ ಅಕ್ಟೋಬರ್‌ನಿಂದ ಒಂದು ಸಲದ ಮಿತಿಯನ್ನು ₹50,000ದಿಂದ ₹2 ಲಕ್ಷಕ್ಕೆ ಏರಿಸಿದ್ದಾರೆ. ಆದರೆ ಇದರ ಉದ್ದೇಶ ನಿಮ್ಮ ಕ್ಯಾಂಟೀನಿನ ಹುಡುಗರಂಥವರ ಮನೆಗೆ ಹಣ ಮುಟ್ಟಿಸುವುದು. ಪಡೆಯುವವರು ನೇಪಾಳದಲ್ಲಿ ಇರುವವರಾಗಿರಬೇಕು. ಅಲ್ಲಿ ನಂಬಿಕೆಯ ಪರಿಚಯಸ್ಥರಿಲ್ಲದ ಯಾತ್ರಿಕರು ಇದನ್ನು ಲೆಕ್ಕಕ್ಕೆ ಹಿಡಿಯಬಾರದು. ಅಂದಹಾಗೆ, ಪಶುಪತಿನಾಥದ ಭಟ್ಟರು ಕರ್ನಾಟಕದ ಮೂಲದವರು ಎಂಬ ಧೈರ್ಯದಲ್ಲಿ ಅವರ ಬಳಿ ಚಿಲ್ಲರೆ ಕೇಳಲು ಹೋದ ನಮ್ಮ ಊರಿನವರೊಬ್ಬರನ್ನು ನಾನು ಬಲ್ಲೆ. ಹಾಗೆ ಮಾಡಬೇಡಿ.

ತುಂಗಾತೀರ:
ಹೋಗಿಬಂದೆವು. ಸಹಾಯ ಮಾಡಿದವರಿಗೆ ಲೆಕ್ಕ ಒಪ್ಪಿಸುವುದು ಕರ್ತವ್ಯವೆಂದು ಬರೆಯುತ್ತಿದ್ದೇನೆ.

ನೂರರ ಆರು ಕಟ್ಟುಗಳನ್ನು, ಅಂದರೆ ₹60,000ವನ್ನು, ಐವರೂ ಹಂಚಿಕೊಂಡು ಒಯ್ದೆವು. ಕಾಠ್ಮಂಡುವಿನಲ್ಲಿ ₹35,000 ಬದಲಿಸಿದಾಗ ನೂರಕ್ಕೆ ನೂರ ಅರವತ್ತರಿಂದ ಸ್ವಲ್ಪ ಮಾತ್ರ ಮುರಿದುಕೊಂಡರು. ಪೋಖರಾದಲ್ಲಿ ಸರೋವರದ ದಂಡೆಯ ಊಟದ ಮನೆಗಳಲ್ಲೂ ಔಷಧಿ ಅಂಗಡಿಯಲ್ಲೂ ಯುಪಿಐ ಸರಾಗವಾಗಿ ನಡೆಯಿತು. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರವಾನಗಿಗೆ ಸಾರ್ಕ್ ದೇಶದವರೆಂದು ತಲೆಗೆ 1,000 ನೇಪಾಳಿ ರೂಪಾಯಿ ಕಟ್ಟಿದೆವು. ನನ್ನ ಕಾರ್ಡು, ಹೊರಗಿನ ಬಳಕೆ ತೆರೆದಿದ್ದರೂ, ಎರಡು ಕಡೆ ನಿರಾಕರಣೆಯಾಯಿತು. ತಂದೆಯವರ ಹಳೆಯ ಕಾರ್ಡು ಮೊದಲ ಸಲಕ್ಕೇ ನಡೆಯಿತು. ಆ ದಿನದಿಂದ ಅವರು ಅದನ್ನು ಜೇಬಿನಿಂದ ಆಗಾಗ ತೆಗೆದು ನನಗೆ ಕಾಣುವಂತೆ ಒರೆಸುತ್ತಿದ್ದರು.

ಜೋಮ್‌ಸೋಮ್‌ನಿಂದ ಆಚೆ ಎಲ್ಲವೂ ನಗದು. ಮುಕ್ತಿನಾಥದಲ್ಲಿ ಜೀಪು ನಿಂತ ಮೇಲೆ ಅಮ್ಮನಿಗೂ ದೊಡ್ಡಮ್ಮನಿಗೂ ಕುದುರೆ ಮಾಡಿದೆವು, ಸಾಲಿಗ್ರಾಮದ ಅಂಗಡಿ, ದಕ್ಷಿಣೆ, ಬಿಸಿನೀರು, ಯಾವುದಕ್ಕೂ ಕ್ಯೂಆರ್ ಕಾಣಲಿಲ್ಲ. ಅನಾಹುತವಾದದ್ದು ನೂರೆಂಟು ಧಾರೆಗಳ ಕೆಳಗೆ. ತಂದೆಯವರು ಸಂಚಿಯನ್ನು ಪಂಚೆಯ ಒಳಗೆ ಸೊಂಟಕ್ಕೆ ಕಟ್ಟಿಕೊಂಡಿರುವುದನ್ನೇ ಮರೆತು, ಆ ಮಂಜಿನಂಥ ನೀರಿನಲ್ಲಿ ನೂರೆಂಟನ್ನೂ ಬಿಡದೆ ಓಡಿ ಮುಗಿಸಿದರು. ಹೊರಬಂದಾಗ ನಲವತ್ತು ನೋಟುಗಳು ಒಂದು ಹೋಳಿಗೆಯ ಹಾಗೆ ಅಂಟಿಕೊಂಡಿದ್ದವು. ವಸತಿಗೃಹದ ಯಜಮಾನಿ ಏನೂ ಹೇಳದೆ ಅಡುಗೆಮನೆಯ ಕಬ್ಬಿಣದ ಒಲೆಯ ಸುತ್ತ ಕಂಬಳಿ ಹಾಸಿಕೊಟ್ಟರು. ದೊಡ್ಡಮ್ಮ ಒಂದೊಂದಾಗಿ ಬಿಡಿಸಿ ಹಪ್ಪಳ ಹರವಿದ ಹಾಗೆ ಹರವಿ, ರಾತ್ರಿಯೆಲ್ಲ ಮಗುಚಿದರು. ಬೆಳಿಗ್ಗೆ ಯಜಮಾನಿ ಅವುಗಳಲ್ಲೇ ಬಾಡಿಗೆ ಎಣಿಸಿಕೊಂಡು, ಮಡಿಕೆಯಲ್ಲಿ ಸೀಳಿದ್ದ ಎರಡನ್ನು ಮಾತ್ರ ಹಿಂದಿರುಗಿಸಿದರು.

ಗಾಳಿಯ ಕಾರಣಕ್ಕೆ ಜೋಮ್‌ಸೋಮ್‌ನ ವಿಮಾನ ರದ್ದಾಗಿ ಒಂದು ರಾತ್ರಿ ಹೆಚ್ಚು ಉಳಿಯಬೇಕಾಯಿತು. ಅಲ್ಲಿನ ಎಟಿಎಂ ಆ ಸಂಜೆ ಸಂಪರ್ಕವಿಲ್ಲವೆಂದು ತೋರಿಸುತ್ತಲೇ ಇತ್ತು. ಅಮ್ಮನ ಪಾಲಿನ ಕಟ್ಟು ಒಡೆದದ್ದು ಆಗ.

ಅಘನಾಶಿನಿ:
ನನ್ನ ಮಾತನ್ನು ಹಿಂದಕ್ಕೆ ಪಡೆದಿದ್ದೇನೆ. ನೋಟು ಉಳಿಯಿತೇ?

ತುಂಗಾತೀರ:
ನಮ್ಮ ನೂರರ ನೋಟುಗಳು ಊರಿಗೆ ಬಂದು ಖರ್ಚಾದವು. ನೇಪಾಳಿ ನೋಟುಗಳನ್ನು ಹೊರಡುವ ಮೊದಲು ಬದಲಿಸುವುದು ಮರೆತು 2,340 ಉಳಿದಿದೆ: ಎರಡು ಆನೆ, ಮೂರು ಘೇಂಡಾಮೃಗ, ಎರಡು ಜಿಂಕೆ. ಶಿವಮೊಗ್ಗದಲ್ಲಿ ಯಾವ ಬ್ಯಾಂಕಿನವರೂ ಮುಟ್ಟುತ್ತಿಲ್ಲ. ಮುಂದೆ ಹೋಗುವವರು ಯಾರಾದರೂ ಇದ್ದರೆ ತೆಗೆದುಕೊಂಡು ಹೋಗಲಿ, ನನಗೆ ಹಣ ಬೇಡ. ಒಂದು ಘೇಂಡಾಮೃಗವನ್ನು ದೊಡ್ಡಮ್ಮನ ಹೆಸರಿನಲ್ಲಿ ಮುಕ್ತಿನಾಥನ ಹುಂಡಿಗೆ ಹಾಕಿದರೆ ಸಾಕು.

ಜಯನಗರದ ಯಾತ್ರಿ:
ನಮ್ಮ ಅಕ್ಕ ಭಾವ ಮುಂದಿನ ತಿಂಗಳು ಹೊರಟಿದ್ದಾರೆ. ಭಾವ ಶನಿವಾರ ಮದುವೆಯೊಂದಕ್ಕೆ ಶಿವಮೊಗ್ಗಕ್ಕೆ ಬರುವವರಿದ್ದಾರೆ, ನಿಮ್ಮ ಮನೆಗೇ ಕಳಿಸುತ್ತೇನೆ.